ಎರಡನೇ ಪೊಟ್ಟಣ

ಗ್ಯಾಸ್ ಒಲೆಯ ಎರಡೂ ಬರ್ನರುಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಒರೆಸಿ, ಅದರ ಮೇಲೆ ಹಳೆಯ ಟವೆಲ್ಲು ಹೊದಿಸುತ್ತಿದ್ದಾಗ ಸುನಂದಾಳಿಗೆ ತಾನು ಹಟಮಾರಿ ಕೂಸೊಂದನ್ನು ಮಲಗಿಸುತ್ತಿದ್ದೇನೆ ಅನಿಸಿತು. ಟವೆಲ್ಲಿನ ಅಂಚನ್ನು ನಾಲ್ಕೂ ಕಡೆ ಎಳೆದು ಸರಿಮಾಡಿದಳು. "ನಾಳಿ ಸಂಜೀತನಕ ಏಳಬ್ಯಾಡ" ಎಂದು ಮೆಲ್ಲಗೆ ಅದಕ್ಕೆ ಹೇಳಿದಳು.

ಗಂಡ ದೊಡ್ಡಬಸವರಾಜ ಮತ್ತು ಅತ್ತೆ ಶಿವಬಸಮ್ಮ ಬೆಳಗಿನ ಬಸ್ಸಿಗೆ ಸಿರುಗುಪ್ಪದ ಕಡೆ ರಾರಾವಿಗೆ, ನೆಂಟರ ಮನೆಯ ನಿಶ್ಚಯಕ್ಕೆ ಹೋಗಿದ್ದರು. ಬರುವುದು ನಾಳೆ ಸಂಜೆ. ಮಗಳು ಅನುಷಾ ಬಳ್ಳಾರಿಯ ಹಾಸ್ಟೆಲಿನಲ್ಲಿ. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಕುರುಗೋಡಿನ ಈ ಮನೆಯಲ್ಲಿ ಒಲೆ ಹೊತ್ತದ ದಿನ ಎಂಬುದೊಂದು ಇರಲಿಲ್ಲ. ಜ್ವರ ಬಂದಾಗ ಗಂಜಿಯನ್ನು ಅವಳೇ ಕಾಸಿಕೊಂಡಿದ್ದಳು. ಸಿಲಿಂಡರ್ ಮುಗಿದ ದಿನ ಅತ್ತೆಗೆ ಹಿತ್ತಲಿನ ಕಟ್ಟಿಗೆ ಒಲೆ ಥಟ್ಟನೆ ನೆನಪಾಗಿತ್ತು. ಇವತ್ತು ಮಾತ್ರ "ಊಟಕ್ಕೇನು" ಎಂದು ಕೇಳುವ ಬಾಯಿ ಮನೆಯಲ್ಲಿ ಒಂದೂ ಇರಲಿಲ್ಲ.

ಅವಳ ಆಸೆ ದೊಡ್ಡದೇನಲ್ಲ. ಅಂಜಿನಪ್ಪನ ಗಾಡಿಯಿಂದ ಒಗ್ಗರಣೆ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಅದನ್ನು ಮನೆಯ ಮುಂದಿನ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಪೇಪರಿನಲ್ಲೇ ತಿನ್ನಬೇಕು. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ.

ಅಂಜಿನಪ್ಪ ಹನ್ನೊಂದಕ್ಕೆಲ್ಲ ಗಾಡಿ ತಳ್ಳಿಕೊಂಡು ಹೋಗಿಬಿಡುವವ. ಅದಕ್ಕೇ ಎರಡೂ ಪೊಟ್ಟಣ ಒಟ್ಟಿಗೇ ಕಟ್ಟಿಸಿಕೊಂಡಳು.

"ಒಬ್ಬಾಕಿಗೇ ಎರಡೇನಬೇ?" ಅಂದ ಅಂಜಿನಪ್ಪ.

"ಒಂದು ನನಗ. ಇನ್ನೊಂದೂ ನನಗ."

ಎರಡನೆಯದನ್ನು ಇರುವೆ ಮುತ್ತದ ಹಾಗೆ ತೊಗರಿಬೇಳೆಯ ಖಾಲಿ ಡಬ್ಬಿಯಲ್ಲಿಟ್ಟು, ಮುಚ್ಚಳ ಬಿಗಿದು, ಮೇಲಿನ ಹಲಗೆಗೆ ಏರಿಸಿದಳು. ಮೊದಲನೆಯದನ್ನು ಹಿಡಿದು ಕಟ್ಟೆಗೆ ಬಂದಳು.

ಉಣ್ಣುತ್ತಿರುವಾಗ ಯಾರಾದರೂ ಎದುರಿಗೆ ಹಾದುಹೋದರೆ "ಬರ್ರಿ ಊಟಕ್ಕ" ಅನ್ನಬೇಕು. ಅವರು "ಆತು, ನೀವು ಮಾಡ್ರಿ" ಎಂದು ಹೋಗಬೇಕು. ಹುಟ್ಟಿದಾಗಿನಿಂದ ನಾಲಿಗೆಗೆ ಅಂಟಿದ ಮಾತು. ಕೆಮ್ಮಿದ ಹಾಗೆ ತಾನೇ ಬರುತ್ತದೆ. ಮೂರನೇ ತುತ್ತಿನ ಹೊತ್ತಿಗೆ ಸುನಂದಾ ನಾಲ್ಕು ಮಂದಿಗೆ ಅಂದಾಗಿತ್ತು. ಐದನೆಯ ಸಲ ತಲೆ ಎತ್ತಿ ನೋಡಿದರೆ ಅದು ವಿರೂಪಮ್ಮನ ಎಮ್ಮೆ.

ಎಮ್ಮೆಯ ಹಿಂದೆ ಮೂರು ಸೈಕಲ್ ಬಂದವು. ಮೊದಲಿನದರ ಮೇಲೆ ಕರೆಂಟಿನ ಕಂಬದಷ್ಟು ಎತ್ತರದ ಬಿಳಿಯ ಮುದುಕ, ಎರಡನೆಯದರ ಮೇಲೆ ಬಿಸಿಲಿಗೆ ಬಳ್ಳಾರಿ ಮಣ್ಣಿನ ಬಣ್ಣಕ್ಕೆ ತಿರುಗಿದ ಬಿಳಿಯ ಹೆಂಗಸು, ಮೂರನೆಯದರ ಮೇಲೆ ದಾರಿ ತೋರಿಸುವ ನಮ್ಮವನೇ ಒಬ್ಬ. ಹೆಂಗಸು ಸುನಂದಾಳನ್ನು ನೋಡಿ ನಕ್ಕಳು. ಸುನಂದಾಳ ಬಾಯಿ ಅದರ ಪಾಡಿಗೆ ಅದು ಅಂದುಬಿಟ್ಟಿತು: "ಬರ್ರಿ ಊಟಕ್ಕ."

ಸೈಕಲ್ಲುಗಳು ನಿಂತವು. ನಮ್ಮವನು ಅವರಿಗೆ ಏನೋ ಹೇಳಿದ. ಮುದುಕ ಮುದುಕಿ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಎದೆಯ ಮೇಲೆ ಕೈಯಿಟ್ಟು, ತಲೆಯಾಡಿಸಿದರು.

"ಅಕ್ಕಾ, ನಾನು ಶೇಖರ್, ಬಳ್ಳಾರಿ ಸತ್ಯನಾರಾಯಣಪ್ಯಾಟಿ. ಇವರು ವಿಮ್, ಇವರು ಹನ್ನೆಕೆ, ಗಂಡ ಹೆಂಡ್ತಿ. ಹಾಲೆಂಡಿನವರು. ನೀವು ಕರದದ್ದು ಭಾಳ ಖುಷಿಯಾತಂತ. ಈಗಷ್ಟೇ ನಾಷ್ಟಾ ಆಗೇತಿ, ಗುಡ್ಡ ಹತ್ತಿ, ದೊಡ್ಡ ಬಸವಣ್ಣನ ಗುಡಿ ನೋಡ್ಕೊಂಡು ಸಂಜಿ ಏಳಕ್ಕ ಬರ್ತಾರಂತ."

"ಯಾತಕ್ಕ ಬರ್ತಾರಂತ?"

"ಊಟಕ್ಕ."

ಸುನಂದಾ ಕೈಯಲ್ಲಿದ್ದ ಮಂಡಕ್ಕಿಯನ್ನು ಮತ್ತೆ ಪೇಪರಿಗೇ ಸುರಿದಳು. "ತಮ್ಮಾ, ನಾ ಸುಮ್ನ ಅಂದೆ!"

ಶೇಖರ್ ದನಿ ತಗ್ಗಿಸಿದ. "ಗೊತ್ತೈತಕ್ಕಾ. ನಮ್ಮ ಓಣ್ಯಾಗೂ ಹಂಗ ಅಂತೀವಿ. ಆದ್ರ ಇವರೂರಾಗ ಸುಮ್ನ ಯಾರೂ ಅನ್ನಂಗಿಲ್ಲಂತ. ಕರದ್ರ ಹೋಗೋದ. ಈಗ ಬ್ಯಾಡಂತ ಹೆಂಗ ಹೇಳ್ಲಿ? ನೋಡ್ರಿ, ಆಯಮ್ಮ ಆಗಲೇ ಬುಕ್ಕಿನ್ಯಾಗ ಬರಕೊಂಡ್ಲು."

ಹೌದು. ಹನ್ನೆಕೆ ಅಂಗೈಯಗಲದ ಪುಸ್ತಕ ತೆಗೆದು, ಆ ದಿನದ ತಾರೀಖಿನ ಮುಂದೆ ಏನೋ ಬರೆದು, ಅಡಿಗೆರೆ ಎಳೆದಳು. ಕೋರ್ಟಿನಲ್ಲಿ ಕೇಸಿಗೆ ತಾರೀಖು ಬಿದ್ದ ಹಾಗೆ.

ಸೈಕಲ್ಲುಗಳು ತಿರುವು ದಾಟುವ ಮೊದಲೇ ಪಕ್ಕದ ಗೋಡೆಯ ಮೇಲೆ ವಿರೂಪಮ್ಮನ ತಲೆ ಮೂಡಿತು. ಅರವತ್ತು ದಾಟಿದ ವಿರೂಪಮ್ಮನಿಗೆ ಮೊಣಕಾಲು ಕೈಕೊಟ್ಟಿದ್ದವು, ಕಿವಿ ಮಾತ್ರ ದಿನದಿಂದ ದಿನಕ್ಕೆ ಹರೆಯಕ್ಕೆ ಬರುತ್ತಿದ್ದವು.

"ಪಾತ್ರಿ ತಿಕ್ಕೋ ಸಾಬೂನಿನ ಹೆಸರಿಟ್ಟಾರಲ್ಲಬೇ ಆ ಮುದುಕಗ, ಪಾಪ! ಏನು ಅಡಿಗಿ ಮಾಡ್ತಿ?"

"ಬರಂಗಿಲ್ಲ ಬಿಡ್ರಿ ಅವರು."

"ಬಂದ್ರ? ಕುರುಗೋಡಿನಾಕಿ ಊಟಕ್ಕ ಕರದು ಬಾಗ್ಲಾ ಹಾಕ್ಕೊಂಡ್ಲು ಅಂತ ಹಾಲೆಂಡಿನ ತುಂಬ ಹೇಳ್ಕೊಂತ ತಿರುಗ್ಲಿ ಅಂತಿಯೇನು?" ಅನ್ನುತ್ತ ವಿರೂಪಮ್ಮ ಒಳಗೇ ಬಂದಳು. ಅಡುಗೆಮನೆಯಲ್ಲಿ ನಿಂತು ಒಲೆಯನ್ನು ದಿಟ್ಟಿಸಿದಳು. "ಒಲಿಗೇನು ಥಂಡಿ ಆಗೇತೇನು, ಹೊದಿಸಿ ಮಲಗಿಸೀದಿ?" ಸರ್ರನೆ ಟವೆಲ್ ಎಳೆದು, ಅದರಲ್ಲೇ ಮುಖ ಒರೆಸಿಕೊಂಡು, ಹೆಗಲಿಗೆ ಹಾಕಿಕೊಂಡಳು.

ಸುನಂದಾ ಮೇಲಿನ ಹಲಗೆ ನೋಡಿದಳು. ಬೇಳೆ ಡಬ್ಬಿ ಅಲ್ಲೇ ಇತ್ತು. ಹೋಗಲಿ, ಎಂಟಕ್ಕೆ ಅವರು ಎದ್ದು ಹೋದರೆ, ಎಂಟೂವರೆಗೆ ಕಟ್ಟೆ ನನ್ನದು, ಪೊಟ್ಟಣ ನನ್ನದು. ಹಾಗಂದುಕೊಂಡು ಲೈಟರ್ ಒತ್ತಿದಳು.

ಹನ್ನೆರಡರ ಹೊತ್ತಿಗೆ ಎದುರು ಮನೆಯ ಮಂಜಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. ಆಂಧ್ರದ ಆದೋನಿ ಕಡೆಯಿಂದ ಸೊಸೆಯಾಗಿ ಬಂದ ಅವಳಿಗೆ ಈ ಊರಿನಲ್ಲಿ ಮೂವತ್ತು ವರ್ಷವಾದರೂ ಇಲ್ಲಿಯವರಿಗೆ ಬೇಳೆಯ ಪಪ್ಪು ಮಾಡಲು ಬರುವುದಿಲ್ಲವೆಂಬ ಸಂಕಟ ಇಳಿದಿರಲಿಲ್ಲ. "ಅಯ್ಯೋ ತಲ್ಲೀ, ಪಪ್ಪಿಲ್ದ ಊಟ ಊಟೇನಬೇ? ಬ್ಯಾಳಿ ಡಬ್ಬಿ ಎಲ್ಲೈತಿ? ಓ, ಅಲ್ಲೈತಿ" ಎಂದು ಮೇಲಿನ ಹಲಗೆಗೆ ಕೈ ಚಾಚಿದಳು.

"ಅದನ್ನ ಮುಟ್ಟಬ್ಯಾಡ್ರಿ!"

ಸುನಂದಾಳ ಕೂಗಿಗೆ ವಿರೂಪಮ್ಮ ಈಳಿಗೆಮಣೆಯಿಂದ ಬದನೆಕಾಯಿ ಬೀಳಿಸಿದಳು.

"ಯಾಕಬೇ?"

"ಅದು... ಅದರಾಗ ಹುಳ ಆಗ್ಯಾವ."

ಮಂಜಮ್ಮ ಕೈ ಹಿಂದೆಗೆದಳು. ಸುನಂದಾಳನ್ನೂ ಡಬ್ಬಿಯನ್ನೂ ಒಂದೊಂದು ಸಲ ನೋಡಿದಳು. "ನಿನ್ನಂಥಾಕಿ ಮನಿಯಾಗ ಹುಳ" ಎಂದು ನಿಟ್ಟುಸಿರು ಬಿಟ್ಟು, ತನ್ನ ಮನೆಯಿಂದಲೇ ಬೇಳೆ ತರಲು ಹೋದಳು. ಹೋಗುವಾಗ ದಾರಿಯಲ್ಲಿ ನಾಲ್ಕು ಮನೆಗೆ ಹುಳದ ಸುದ್ದಿಯನ್ನೂ ಮುಟ್ಟಿಸಿದಳು. ಇಪ್ಪತ್ತೆರಡು ವರ್ಷ ತಿಕ್ಕಿ ತೊಳೆದು ಸಂಪಾದಿಸಿದ ಹೆಸರನ್ನು ಒಂದು ಪೊಟ್ಟಣ ಮಂಡಕ್ಕಿಗೆ ಮಾರಿದೆನಲ್ಲ ಅನಿಸಿತು ಸುನಂದಾಳಿಗೆ. ಆದರೆ ಪಶ್ಚಾತ್ತಾಪವೇನೂ ಆಗಲಿಲ್ಲ. ಅದೇ ಅವಳಿಗೆ ಆಶ್ಚರ್ಯ.

ಎರಡು ಗಂಟೆಗೆ ಉಮಾಪತಿಯ ಸವಾರಿ ಬಂತು. ಮೂಲೆಮನೆಯ ಉಮಾಪತಿ ಹಿಂದೆ ಎರಡು ವರ್ಷ ಹಂಪಿಯಲ್ಲಿ ಆಟೋ ಓಡಿಸಿದ್ದ. ಹಾಗಾಗಿ ಫಾರಿನ್ನಿನವರ ಹೊಟ್ಟೆಯ ಮಟ್ಟಿಗೆ ಕುರುಗೋಡಿನಲ್ಲಿ ಅವನದೇ ಕೊನೆಯ ಮಾತು. ಈಗ ಮನೆಯಲ್ಲೇ ಹೆಂಡತಿಯೊಡನೆ ಬಳ್ಳಾರಿಯ ಅಂಗಡಿಗಳಿಗೆ ಜೀನ್ಸ್ ಹೊಲಿದು ಕೊಡುತ್ತಿದ್ದ.

"ಖಾರ ಹಾಕೀರೇನು?" ಎಂದು ಬಾಗಿಲಿನಿಂದಲೇ ಗದರಿದ. "ಅವರ ಹೊಟ್ಟಿ ಗ್ಲಾಸಿನಂಗಿರತೈತಿ. ಒಂದು ಮೆಣಸಿನಕಾಯಿ ಬಿತ್ತೋ, ಚಟ್ಟಂತ ಸೀಳತೈತಿ. ಎಂಬೆಸಿಯವರು ಬರ್ತಾರ. ಆಮ್ಯಾಲೆ ಪೊಲೀಸರು."

"ಖಾರಿಲ್ದ ಎಣ್ಣಿಗಾಯಿ ಹೆಂಗಲೇ ಮಾಡೋದು?" ವಿರೂಪಮ್ಮ ಎದ್ದು ನಿಂತಳು. ಅವಳು ಅರ್ಧ ದಿನ ಕೂತು ಶೇಂಗಾ, ಎಳ್ಳು, ಒಣಕೊಬ್ಬರಿ ಅರೆದು ತುಂಬಿದ ಬದನೆಕಾಯಿಗಳು ಬಾಣಲೆಯಲ್ಲಿ ಕೆಂಪಗೆ ಕುದಿಯುತ್ತಿದ್ದವು.

"ತೊಳೀಬೇಕು" ಅಂದ ಉಮಾಪತಿ.

ಯಾರೂ ಏನೂ ಅನ್ನುವ ಮೊದಲೇ ಬಾಣಲೆ ಎತ್ತಿಕೊಂಡು ನಲ್ಲಿಯ ಕೆಳಗೆ ಕೂತು, ಒಂದೊಂದೇ ಬದನೆಕಾಯಿಯನ್ನು ತೊಟ್ಟು ಹಿಡಿದು, ಕೂಸಿಗೆ ಎರೆಯುವ ಹಾಗೆ ತಿರುಗಿಸಿ ತಿರುಗಿಸಿ ತೊಳೆದ. ವಿರೂಪಮ್ಮನ ಕಣ್ಣಲ್ಲಿ ನೀರು ಬಂತು. ಅವನು ಅತ್ತ ಹೋದ ಮೇಲೆ, ಮಿಂದು ಬಿಳಿಚಿದ ಬದನೆಕಾಯಿಗಳಿಗೆ ಮತ್ತೆ ಮಸಾಲೆ ಕಲೆಸಿ ತುಂಬಿದಳು. ಈ ಸಲ ಸಿಟ್ಟಿನಲ್ಲಿ ಖಾರ ಇಮ್ಮಡಿಯಾಯಿತು. ಅವನು ಬಂದು ರುಚಿ ನೋಡಿ ಮತ್ತೆ ತೊಳೆದ. ಇಪ್ಪತ್ತೈದು ಬದನೆಕಾಯಿ ಇದ್ದದ್ದು, ತೊಳೆದು ತೊಳೆದು, ರುಚಿ ನೋಡಿ ನೋಡಿ, ಸಂಜೆಗೆ ಹದಿನೆಂಟಾದವು.

ಒಲೆಯ ಮುಂದೆ ನಿಂತ ಸುನಂದಾ ಮಾತ್ರ ರೊಟ್ಟಿ ಬಡಿಯುತ್ತಲೇ ಇದ್ದಳು. ಇದು ನನ್ನ ಮನೆಯೇ, ಇವರು ನನ್ನ ಅತಿಥಿಗಳೇ, ಅಥವಾ ನಾನೇ ಯಾರದೋ ಮದುವೆಗೆ ಬಂದ ಅಡುಗೆಯವಳೇ ಎಂಬ ಅನುಮಾನ ಅವಳಿಗೆ ಆಗಾಗ ಬಂದು ಹೋಗುತ್ತಿತ್ತು.

ನಾಲ್ಕಕ್ಕೆ ಗಂಡನ ಫೋನು. ರಾರಾವಿಯವರೆಗೆ ಸುದ್ದಿ ಯಾರು ಮುಟ್ಟಿಸಿದರೋ. "ಫಾರಿನ್ ಮಂದಿ ಬರಾಕತ್ತಾರಂತಲ್ಲ! ಇಲ್ಲಿ ಎಲ್ಲಾರಿಗೂ ಹೇಳೀನಿ. ಚಂದಂಗ ಮಾಡು, ನಮ್ಮನಿ ಹೆಸರಿನ ಪ್ರಶ್ನಿ ಐತಿ." ಹಿಂದಿನಿಂದ ಅತ್ತೆಯ ದನಿ: "ತುಪ್ಪ ಸಣ್ಣ ಚಮಚೀಲೆ ಹಾಕು ಅಂತ ಹೇಳೋ!"

ಐದಕ್ಕೆ ಉಮಾಪತಿ ಶಾಮಿಯಾನ ಅಂಗಡಿಯಿಂದ ಇಪ್ಪತ್ತು ಕುರ್ಚಿ ತರಿಸಿದ. "ಅವರು ನೆಲದ ಮ್ಯಾಲೆ ಕುಂತ್ರ ಮತ್ತ ಏಳಾಕ ಬರಂಗಿಲ್ಲ." ಕುರ್ಚಿ ಇಳಿಯುವುದನ್ನು ನೋಡಿ ಮುಂದಿನ ಓಣಿಯ ಸುವರ್ಣಮ್ಮ ಅಳುತ್ತಲೇ ಓಡಿ ಬಂದಳು. "ಯಾವಾಗ ಹೋದ್ರಬೇ ನಿಮ್ಮತ್ತಿ? ಮೊನ್ನಿ ಚಲೋ ಮಾತಾಡಿದ್ರಲ್ಲಾ!" ಅತ್ತೆ ರಾರಾವಿಗೆ ಹೋಗಿದ್ದಾರೆಂದು ಅವಳಿಗೆ ತಿಳಿಸಿ ಹೇಳಲು ಐದು ನಿಮಿಷ ಹಿಡಿಯಿತು. ಸುಮ್ಮನೆ ಅತ್ತದ್ದಾಯಿತಲ್ಲ ಎಂದು ಸುವರ್ಣಮ್ಮ ಬೇಸರಪಟ್ಟುಕೊಂಡು, ಬಂದವಳು ಹೋಗುವುದೇಕೆಂದು ಕುರ್ಚಿಯೊಂದರಲ್ಲಿ ಕೂತಳು. ಅವಳನ್ನು ನೋಡಿ ಉಳಿದ ಕುರ್ಚಿಗಳೂ ತುಂಬಿದವು.

ಊಟದ ಮೇಜಾಗಿ ಉಮಾಪತಿಯ ಮನೆಯ ಹೊಲಿಗೆ ಮೇಜು ಬಂತು. ಅದರ ಮೇಲೆ ಹೊಸ ಜೀನ್ಸ್ ಬಟ್ಟೆಯ ಹಾಸು. ಬಟ್ಟೆಯ ಒಂದು ಮೂಲೆಗೆ ಆಗಲೇ ಜೇಬು ಹೊಲಿದಾಗಿತ್ತು. ಫೋರ್ಕು ಎಲ್ಲೂ ಸಿಗದೆ, ಐಸ್‌ಕ್ರೀಮಿನ ಕಟ್ಟಿಗೆ ಚಮಚಗಳನ್ನು ತಂದು ಆ ಜೇಬಿನಲ್ಲಿ ನಿಲ್ಲಿಸಿದ. "ನೋಡ್ರಿ, ಸ್ಟಾರ್ ಹೋಟ್ಲು" ಅಂದ.

ಏಳಕ್ಕೆ ಇನ್ನೂ ಎರಡು ನಿಮಿಷವಿರುವಾಗ ಅವರು ಬಂದರು. ಏಳಾಗಲಿ ಎಂದು ಗೇಟಿನ ಹೊರಗೇ ಎರಡು ನಿಮಿಷ ನಿಂತರು. ಇಪ್ಪತ್ತು ಕುರ್ಚಿಯ ಮಂದಿ ಅವರನ್ನು ನೋಡಿದರು, ಅವರು ಇಪ್ಪತ್ತು ಕುರ್ಚಿಯ ಮಂದಿಯನ್ನು ನೋಡಿದರು.

ಉಮಾಪತಿ ಎದೆಯುಬ್ಬಿಸಿ ಮೇಜು ತೋರಿಸಿದ. ರೊಟ್ಟಿ, ಎಣ್ಣೆಗಾಯಿ, ಪಪ್ಪು, ಪುಂಡಿಪಲ್ಯ, ಶೇಂಗಾ ಹೋಳಿಗೆ, ಅನ್ನ, ಸಾರು, ಮೊಸರು. ಹನ್ನೆಕೆ ಎಲ್ಲವನ್ನೂ ನೋಡಿ ಹೌಹಾರಿದಳು. ಗಂಡನ ಕಿವಿಯಲ್ಲಿ ಏನೋ ಅಂದಳು, ಆತ ಶೇಖರನಿಗೆ ಅಂದ. ಶೇಖರ್ ತಲೆ ಕೆರೆದುಕೊಂಡ.

"ಅಕ್ಕಾ, ಇಲ್ಲೇನೋ ದೊಡ್ಡ ಫಂಕ್ಷನ್ ಐತಿ, ನಾವು ಅಡ್ಡ ಬಂದ್ವೇನು ಅಂತ ಕೇಳಾಕತ್ತಾರ."

"ಇವರಿಗೇ ಅಲ್ಲೇನ್ರಿ ಇದೆಲ್ಲಾ!" ಅಂದಳು ಸುನಂದಾ.

ಶೇಖರ್ ಅನುವಾದಿಸಿದ. ಮುದುಕ ಮುದುಕಿ ಗಾಬರಿಯಿಂದ ಕೈಯಾಡಿಸಿ ಒಟ್ಟಿಗೇ ಮಾತಾಡಿದರು. ಶೇಖರನ ಮುಖ ಬರಬರುತ್ತ ಸಣ್ಣದಾಯಿತು.

"ಏನಂತಲೇ?" ವಿರೂಪಮ್ಮ ತಡೆಯದೆ ಕೇಳಿದಳು.

"ಇಷ್ಟೆಲ್ಲಾ ಉಣ್ಣಾಕ ಆಗಂಗಿಲ್ಲಂತ. ಮಧ್ಯಾಹ್ನನೂ ಮೂರು ಕಡಿ ಉಂಡಾರ. ಅಕ್ಕಾರು ಕರದದ್ದು ಇದಕ್ಕಲ್ಲ ಅಂತ. ಮುಂಜಾನಿ ಕಟ್ಟಿ ಮ್ಯಾಲೆ ಕಾಲು ಬಿಟ್ಕೊಂಡು ಪೇಪರಿನ್ಯಾಗ ಏನೋ ತಿಂತಿದ್ರಂತಲ್ಲ, ಅದನ್ನ ಜೊತಿಗೆ ಕುಂತು ತಿನ್ನಾಕ ಕರದಾರ ಅಂತ ತಿಳಕೊಂಡು ಬಂದಾರಂತ. ಅಷ್ಟ ಸಾಕಂತ. ಅಷ್ಟು ಹಾಯಾಗಿ ತಿನ್ನೋರನ್ನ ಈ ದೇಶದಾಗ ಎಲ್ಲೂ ನೋಡಿಲ್ಲಂತ."

ಇಪ್ಪತ್ತು ಕುರ್ಚಿಯ ಮಂದಿ ಒಟ್ಟಿಗೇ ಸುನಂದಾಳ ಕಡೆ ತಿರುಗಿದರು.

ಸುನಂದಾಳ ಎದೆಯೊಳಗೆ ಎರಡು ಮಾತು ಒಟ್ಟಿಗೇ ಎದ್ದವು. ಒಂದು, ಬೆಳಗಿನಿಂದ ಒಲೆ ಹೊತ್ತಿಸುವ ಅಗತ್ಯವೇ ಇರಲಿಲ್ಲ. ಇನ್ನೊಂದು, ತಾನು ಹಾಯಾಗಿದ್ದದ್ದನ್ನು ಕಂಡವರು ಇಡೀ ಲೋಕದಲ್ಲಿ ಇವರಿಬ್ಬರೇ.

"ಮಂಡಕ್ಕಿನಾ?" ಉಮಾಪತಿ ಕಂಗಾಲಾದ. "ಇಷ್ಟೊತ್ತಿಗೆ ಎಲ್ಲಿ ಸಿಗತೈತಿ? ಅಂಜಿನಪ್ಪ ಮುಂಜಾನಿನ ಬಂದ್ ಮಾಡ್ತಾನ!"

ಇಬ್ಬರೂ ಆಗಲೇ ಕುರ್ಚಿಗಳನ್ನು ದಾಟಿ ಹೋಗಿ ಕಟ್ಟೆಯ ಮೇಲೆ ಕೂತಿದ್ದರು, ಕಾಲು ಇಳಿಬಿಟ್ಟು. ವಿಮ್‌ನ ಕಾಲು ನೆಲಕ್ಕೆ ತಾಗಿ ಇನ್ನೂ ಅರ್ಧ ಮೊಳ ಉಳಿದಿತ್ತು. ನಡುವೆ ಒಬ್ಬರಿಗೆ ಆಗುವಷ್ಟು ಜಾಗ ಬಿಟ್ಟು, ಹನ್ನೆಕೆ ಅದನ್ನು ಅಂಗೈಯಿಂದ ತಟ್ಟಿ ಸುನಂದಾಳನ್ನು ನೋಡಿ ನಕ್ಕಳು.

ಸುನಂದಾ ಒಳಗೆ ಹೋದಳು. ಸ್ಟೂಲು ಹತ್ತಿದಳು. ಡಬ್ಬಿ ಇಳಿಸಿದಳು. ಮುಚ್ಚಳ ತೆಗೆದಾಗ ಹಿಂದೆ ಮಂಜಮ್ಮ ನಿಂತಿದ್ದಳು.

"ಹುಳ ಎಲ್ಲಿ ಹೋದ್ವಬೇ?"

"ಹಾರಿ ಹೋದ್ವು" ಅಂದಳು ಸುನಂದಾ.

ಪೊಟ್ಟಣ ಬಿಚ್ಚಿ ಕಟ್ಟೆಯ ಮೇಲೆ ಇಟ್ಟು, ನಡುವಿನ ಜಾಗದಲ್ಲಿ ಕೂರಲು ಸೀರೆ ಸರಿಮಾಡಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಒಳಗಿನಿಂದ ವಿರೂಪಮ್ಮನ ಕೂಗು: "ಸುನಂದಾ! ಅಡಿಗಿ ಆರಾಕತ್ತೈತಿ. ಅವರು ಉಣ್ಣಲಿಲ್ಲಂತ ಅನ್ನ ಕೆಡಿಸಾಕ ಬರತೈತೇನು? ಬಡಸು ಬಾ!"

ಇಪ್ಪತ್ತು ಕುರ್ಚಿಗಳು ಒಮ್ಮೆಗೇ ಸದ್ದು ಮಾಡಿದವು.

ಬಡಿಸಿದಳು. ರೊಟ್ಟಿ ಬಡಿಸುತ್ತ ಕಟ್ಟೆಯ ಕಡೆ ನೋಡಿದರೆ ಹನ್ನೆಕೆ ಮಂಡಕ್ಕಿಯನ್ನು ಮುಷ್ಟಿ ಮುಷ್ಟಿ ಮುಕ್ಕುತ್ತಿದ್ದಳು. ಸಾರು ಬಡಿಸುತ್ತ ನೋಡಿದರೆ ವಿಮ್ ಮೆಣಸಿನಕಾಯಿ ಬಜ್ಜಿಯನ್ನು ತೊಟ್ಟಿನ ತನಕ ಕಚ್ಚಿ, ಕಣ್ಣಲ್ಲಿ ನೀರು ಸುರಿಸುತ್ತ, ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ.

"ಗ್ಲಾಸಿನ ಹೊಟ್ಟಿ ಸೀಳ್ತೇನಲೇ?" ಎಂದು ವಿರೂಪಮ್ಮ ಉಮಾಪತಿಗೆ ಕೇಳಿದಳು. ಅವನು ತಾನೇ ತೊಳೆದ ಬದನೆಕಾಯಿಗೆ ಮೇಲಿಂದ ಖಾರದಪುಡಿ ಹಾಕಿಸಿಕೊಂಡು ಉಣ್ಣುತ್ತಿದ್ದ.

ಮೊಸರು ಬಡಿಸಿ ತಿರುಗಿದಾಗ ಕಟ್ಟೆಯ ಮೇಲೆ ಎಣ್ಣೆಯ ಕಲೆಯ ಪೇಪರು ಮಾತ್ರ ಇತ್ತು. ಹನ್ನೆಕೆ ಅದನ್ನು ಅಚ್ಚುಕಟ್ಟಾಗಿ ನಾಲ್ಕು ಮಡಿಕೆ ಮಾಡಿಟ್ಟಿದ್ದಳು.

ವಿಮ್ ಎದ್ದವನೇ ತೋಳು ಮಡಚಿ ಹಿತ್ತಲಿನ ನಲ್ಲಿಗೆ ನಡೆದ. ಅಲ್ಲಿ ರಾಶಿ ಬಿದ್ದಿದ್ದ ಪಾತ್ರೆಗಳ ಮುಂದೆ ಕೂತು ಮೊದಲ ತಪ್ಪಲೆಗೆ ನೀರು ಬಿಟ್ಟ. ಸುನಂದಾಳಿಗೆ ಒಂದು ಕ್ಷಣ ಲೋಕ ಬೆಳಗಾದಂತಾಯಿತು. ಹೆಂಗಸರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ನೋಡಿ, ತಿರುಗಿ, ತಂತಮ್ಮ ಗಂಡಂದಿರನ್ನು ನೋಡಿದರು. ಗಂಡಂದಿರಿಗೆ ಇದು ಬಹಳ ಅಪಾಯದ ಗಳಿಗೆ ಎಂದು ಹೊಳೆದಿರಬೇಕು.

"ಏಯ್, ಬ್ಯಾಡ ಬ್ಯಾಡ! ಮನಿಗೆ ಬಂದೋರು ಪಾತ್ರಿ ತಿಕ್ಕಿದ್ರ ಊರಿನ ಮಾನ ಹೋಗತೈತಿ!" ಉಮಾಪತಿ ಮತ್ತಿಬ್ಬರು ಓಡಿಹೋಗಿ ಮುದುಕನ ರಟ್ಟೆ ಹಿಡಿದು ಎಬ್ಬಿಸಿದರು. ಆತ ತಪ್ಪಲೆಯನ್ನು ಬಿಡಲೊಲ್ಲ. ಎಳೆದಾಟದಲ್ಲಿ ತಪ್ಪಲೆ ಸುನಂದಾಳ ಕಾಲ ಹತ್ತಿರ ಉರುಳಿ ಬಂದು, ಗುರುತಿನವಳನ್ನು ಕಂಡಂತೆ ನಿಂತಿತು.

ಹೊರಡುವಾಗ ಹನ್ನೆಕೆ ತನ್ನ ಪುಸ್ತಕದ ಹಾಳೆ ಹರಿದು ವಿಳಾಸ ಬರೆದುಕೊಟ್ಟಳು. ಶೇಖರ್ ಹೇಳಿದ: "ನೀವೂ ಅವರ ಮನಿಗೆ ಊಟಕ್ಕ ಬರಬೇಕಂತ. ಯಾವಾಗ ಬರ್ತೀರಿ, ತಾರೀಖು ಹೇಳ್ರಿ ಅಂತ ಕೇಳಾಕತ್ತಾರ."

"ತಾರೀಖಾ?"

"ಕರದ ಮ್ಯಾಲೆ ತಾರೀಖು ಬೇಕಲ್ಲಕ್ಕ ಅವರಿಗೆ."

ಕತ್ತಲಾಯಿತೆಂದು ಶೇಖರ್ ಕರೆಸಿದ್ದ ಜೀಪು ಸೈಕಲ್ಲುಗಳನ್ನೂ ಹೊತ್ತು ಬಳ್ಳಾರಿಯ ಕಡೆ ಹೋಯಿತು. ಕುರ್ಚಿಗಳೂ ಹೋದವು. ವಿರೂಪಮ್ಮ ಬಾಯಿಗೆ ಎಲೆಯಡಿಕೆ ಹಾಕಿಕೊಂಡು ಗೇಟಿನಲ್ಲಿ ನಿಂತಳು. "ಭಾಳ ದಣದಿ ನೋಡು. ನಾಳಿ ನಮ್ಮನಿಗೆ ಬಾರಬೇ ಊಟಕ್ಕ." ಮಂಜಮ್ಮ ಅಂದಳು: "ನಾಡಿದ್ದು ನಮ್ಮನಿಗೆ." ಉಮಾಪತಿ ಮೇಜು ಹೊತ್ತುಕೊಂಡೇ ಅಂದ: "ಮರುದಿನ ನಮ್ಮನಿಗೂ ಬರ್ರಿ ಅಕ್ಕಾರ."

"ಆಗಲೇಳ್ರಿ, ಎಲ್ಲಿ ಹೋಗತೈತಿ" ಎಂದು ಸುನಂದಾ ಅನ್ನಬೇಕಾದ್ದನ್ನೇ ಅಂದಳು.

ಪಾತ್ರೆಯ ತಳದಲ್ಲಿ ಎರಡು ಸಲ ಮಿಂದ ಬದನೆಕಾಯಿಯೊಂದು ಅವಳಿಗಾಗಿ ಉಳಿದಿತ್ತು. ಅದನ್ನು ನಿಂತೇ ತಿಂದು, ಮೊದಲ ತಪ್ಪಲೆಗೆ ಕೈ ಹಾಕಿದಾಗ ಗಂಡನ ಫೋನು ಬಂತು.

"ಚಲೋ ಆತಂತಲ್ಲ! ಹಾಂ, ನಾಳಿ ಸಂಜಿ ನಾನು, ಯವ್ವ, ಜೊತಿಗೆ ಬೀಗರ ಕಡಿಯವರು ಆರು ಮಂದಿ ಬರ್ತೀವಿ. ಬರ್ರಿ ಊಟಕ್ಕ ಅಂತ ಸುಮ್ನ ಅಂದೆ, ಹೂಂ ಅಂದ್ಬಿಟ್ರು. ಫಾರಿನ್ನಿನವರು ಉಂಡ ಮನಿ ನೋಡಬೇಕಂತ."

"ಹೂಂ" ಅಂದಳು ಸುನಂದಾ.

ಪಾತ್ರೆಗಳೆಲ್ಲ ಮುಗಿದವು. ಒಲೆಯನ್ನು ಇನ್ನೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಟವೆಲ್ಲು ವಿರೂಪಮ್ಮನ ಹೆಗಲ ಮೇಲೆಯೇ ಹೋಗಿತ್ತು. ಉಮಾಪತಿ ಮರೆತುಹೋದ ಜೀನ್ಸ್ ಬಟ್ಟೆ ಇತ್ತು, ಅದನ್ನೇ ಹೊದಿಸಿದಳು. ದಪ್ಪ ಬಟ್ಟೆ, ಜಾರಲಿಲ್ಲ. ಹನ್ನೆಕೆಯ ವಿಳಾಸವನ್ನು ಅದರ ಜೇಬಿನಲ್ಲಿಟ್ಟಳು.

ಗೋಡೆಯ ಕ್ಯಾಲೆಂಡರಿನ ಮುಂದೆ ಬಂದು, ದಾರಕ್ಕೆ ಕಟ್ಟಿದ್ದ ಪೆನ್ನಿನಿಂದ ನಾಳೆಯ ತಾರೀಖಿಗೆ ಒಂದು ಸುತ್ತು ಹಾಕಿದಳು. ನಾಡಿದ್ದಿಗೆ ಒಂದು. ಅದರ ಮರುದಿನಕ್ಕೆ ಒಂದು. ಪಕ್ಕದಲ್ಲಿ ಏನೂ ಬರೆಯಲಿಲ್ಲ.

ನಾಳೆ ಏಳಕ್ಕೆ ಎರಡು ನಿಮಿಷ ಇರುವಾಗ ವಿರೂಪಮ್ಮನ ಗೇಟಿನ ಮುಂದೆ ನಿಂತಿರಬೇಕು. ಅವಳ ಕಟ್ಟೆಯ ಮೇಲೆ, ದಾರಿಗೆ ಎದುರಾಗಿಯೇ ಕೂತು ಉಣ್ಣಬೇಕು. ರಾರಾವಿಯ ಬಸ್ಸು ಬರುವುದು ಏಳೂಕಾಲಿಗೆ. ಬಸ್ಸಿಳಿದ ಎಂಟು ಮಂದಿ ಆ ಕಟ್ಟೆಯನ್ನು ಹಾದೇ ಬರಬೇಕು. ಹಾದುಹೋಗುವವರನ್ನು ಕಂಡು "ಬರ್ರಿ ಊಟಕ್ಕ" ಅನ್ನದೆ ವಿರೂಪಮ್ಮನ ಬಾಯಿ ಸುಮ್ಮನಿರುವುದಿಲ್ಲ.